ಕಂ॥, ವೃ॥, ವ॥ : ಪರಿಚ್ಛೇದಕ್ಕೊಂದು ಹೆಸರು

ಹಳಗನ್ನಡದ ಪದ್ಯಪಾಠಗಳನ್ನು ನನ್ನಲ್ಲಿ ಓದಿದವರಿಗೆ ಒಂದು ಸಂಗತಿ ನೆನಪಿರಬಹುದು. ಪಠ್ಯಪುಸ್ತಕದಲ್ಲಿ ಪದ್ಯದ ಎಡಬದಿಗೆ ‘ಕಂ॥’ ಎಂದೋ ‘ಚಂ॥’ ಎಂದೋ ‘ಮ॥’ ಎಂದೋ ಒಂದು ಸಣ್ಣ ಗುರುತು ಅಚ್ಚಾಗಿರುತ್ತಿತ್ತು. ನಡುವೆ ಗದ್ಯಭಾಗ ಬಂದರೆ ಅದಕ್ಕೆ ‘ವ॥’. ಗಣ ವಿಂಗಡಿಸುವ ಕಷ್ಟವೇಕೆಂದು ಆ ಗುರುತನ್ನೇ ಉರು ಹೊಡೆದು ಛಂದಸ್ಸಿನ ಅಂಕ ಗಳಿಸಿದ ಜಾಣರೂ ನಮ್ಮ ಶಾಲೆಯಲ್ಲಿದ್ದರು. ಅವರಲ್ಲಿ ಕೆಲವರು ಇಂದು ಈ ಪುಟವನ್ನು ಓದುತ್ತಿದ್ದಾರೆಂಬುದನ್ನೂ ನಾನು ಬಲ್ಲೆ. ಕಂ ಎಂದರೆ ಕಂದ, ಚಂ ಎಂದರೆ ಚಂಪಕಮಾಲೆ, ಉ ಎಂದರೆ ಉತ್ಪಲಮಾಲೆ, ಮ ಎಂದರೆ ಮತ್ತೇಭವಿಕ್ರೀಡಿತ, ಶಾ ಎಂದರೆ ಶಾರ್ದೂಲವಿಕ್ರೀಡಿತ. ವ ಎಂದರೆ ವಚನ, ಅರ್ಥಾತ್ ಚಂಪೂಕಾವ್ಯದ ಗದ್ಯ. ಬಸವಾದಿ ಶರಣರ ವಚನವಲ್ಲ.

ಈ ಪುಟ್ಟ ಗುರುತುಗಳ ಬಗ್ಗೆ ಈಗೇಕೆ ಬರೆಯುತ್ತಿದ್ದೇನೆಂದರೆ, ಕಂಪ್ಯೂಟರಿನ ವರ್ಡ್ ಪ್ರೊಸೆಸರಿನಲ್ಲಿ ‘ಪ್ಯಾರಾಗ್ರಾಫ್ ಸ್ಟೈಲ್’ ಎಂಬುದೊಂದು ಸೌಲಭ್ಯವಿದೆ. ಪುಸ್ತಕವನ್ನು ಬೆರಳಚ್ಚಿಸುವ ನಮ್ಮವರಲ್ಲಿ ಬಹುಮಂದಿ ಅದನ್ನು ಮುಟ್ಟುವುದೇ ಇಲ್ಲ. ಅದು ಪಶ್ಚಿಮದಿಂದ ಬಂದ ಯಂತ್ರದ ತೊಡಕು, ನಮಗೆ ಅಪರಿಚಿತವಾದುದು ಎಂಬ ಭಾವನೆ. ಆದರೆ ಅದರ ತಿರುಳು ನಮ್ಮ ಲಿಪಿಕಾರರಿಗೆ ಶತಮಾನಗಳ ಹಿಂದೆಯೇ ಗೊತ್ತಿತ್ತು ಎಂಬುದು ನನ್ನ ಅಭಿಪ್ರಾಯ.

ತಾಳೆಗರಿಯನ್ನು ಕಂಡವರು ಒಪ್ಪುತ್ತಾರೆ. ಗರಿ ಉದ್ದ, ಅಗಲ ಕಡಿಮೆ. ಲಿಪಿಕಾರನಿಗೆ ಜಾಗವೇ ಧನ. ಆದ್ದರಿಂದ ಪದ್ಯವನ್ನು ನಾಲ್ಕು ಸಾಲಾಗಿ ಬಿಡಿಸಿ ಬರೆಯುವ ವೈಭೋಗ ಅವನಿಗಿಲ್ಲ. ಗದ್ಯ ಪದ್ಯಗಳೆಲ್ಲ ಒಂದೇ ಅಳತೆಯ ಅಕ್ಷರದಲ್ಲಿ ಒಂದರ ಬೆನ್ನಿಗೆ ಒಂದು ಹರಿಯುತ್ತವೆ. ಅಕ್ಷರ ದಪ್ಪ ಮಾಡುವಂತಿಲ್ಲ, ಓರೆ ಮಾಡುವಂತಿಲ್ಲ, ಸಾಲು ಬಿಡುವಂತಿಲ್ಲ. ಕಣ್ಣಿಗೆ ಯಾವ ಸುಳಿವನ್ನೂ ಕೊಡಲಾಗದ ಈ ಇಕ್ಕಟ್ಟಿನಲ್ಲಿ ಅವನು ಮಾಡಿದ್ದೇನು? ಮುಂದೆ ಬರುವ ಭಾಗ ಯಾವ ಜಾತಿಯದೆಂಬುದನ್ನು ಹೆಸರಿಟ್ಟು ಹೇಳಿದ. ‘ಕಂ’ ಎಂದು ಬರೆದು ಎರಡು ಗೆರೆ ಎಳೆದರೆ ಮುಗಿಯಿತು; ಅಲ್ಲಿಂದ ಕಂದಪದ್ಯ. ಅದು ಮುಗಿದಲ್ಲಿ ಮತ್ತೆ ಎರಡು ಗೆರೆ, ಪದ್ಯದ ಸಂಖ್ಯೆ. ಓದುವವನು ಆ ಹೆಸರು ಕಂಡೊಡನೆ ತನ್ನ ದನಿಯನ್ನು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಿದ್ದ. ರೂಪವನ್ನು ಕೊಡುವುದು ಗರಿಯಲ್ಲ, ಓದುಗನ ಕಂಠ.

ಕಲ್ಲಿನ ಮೇಲೂ ಹೀಗೆಯೇ. ಹೊಯ್ಸಳರ ಕಾಲದ ದೀರ್ಘ ಶಾಸನಗಳಲ್ಲಿ ರಾಜಪ್ರಶಸ್ತಿಯ ವೃತ್ತಗಳೂ ಕಂದಗಳೂ ದಾನದ ವಿವರ ಹೇಳುವ ಗದ್ಯವೂ ಬೆರೆತು ಬರುತ್ತವೆ. ಶ್ರವಣಬೆಳಗೊಳದ ಶಾಸನಪಾಠಗಳನ್ನು ತೆರೆದು ನೋಡಿದರೆ ‘ವೃ’, ‘ಕಂ’ ಎಂಬ ಗುರುತುಗಳು ಪಾಠದೊಳಗೇ ಸಿಗುತ್ತವೆ. ಉಳಿಯಿಂದ ಒಂದೊಂದು ಅಕ್ಷರವನ್ನೂ ಕೊರೆಯಬೇಕಾದ ರೂವಾರಿ, ಅರ್ಥಕ್ಕೆ ಸೇರದ ಈ ಹೆಚ್ಚಿನ ಅಕ್ಷರಗಳನ್ನೂ ಕೊರೆದನೆಂದರೆ ಅವುಗಳ ಅಗತ್ಯ ಎಷ್ಟೆಂದು ಊಹಿಸಬಹುದು.

ಕಾವ್ಯದ ದೊಡ್ಡ ವಿಭಾಗಗಳಿಗೂ ಹೆಸರುಗಳಿದ್ದವು. ಕ್ರಿ.ಶ. 941ರ ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ಹದಿನಾಲ್ಕು ಆಶ್ವಾಸಗಳು. ಒಂದೊಂದರ ಕೊನೆಗೂ ಆಶ್ವಾಸಾಂತ್ಯದ ಗದ್ಯ. ಕುಮಾರವ್ಯಾಸನಲ್ಲಿ ಪರ್ವ, ಅದರೊಳಗೆ ಸಂಧಿ, ಸಂಧಿಯ ತಲೆಯಲ್ಲಿ ‘ಸೂಚನೆ’ಯ ಪದ್ಯ. ಮುಂದಿನ ಸಂಧಿಯ ಕಥೆಯನ್ನು ಸಂಗ್ರಹವಾಗಿ ಹೇಳುವ ಈ ಸೂಚನೆಗಳನ್ನಷ್ಟೇ ಆರಿಸಿ ಒಂದೆಡೆ ಬರೆದುಕೊಂಡರೆ ಇಡೀ ಕಾವ್ಯದ ಪರಿವಿಡಿಯೇ ಸಿದ್ಧವಾಗುತ್ತದೆ. ಇಂದಿನ ವರ್ಡ್ ಪ್ರೊಸೆಸರು ‘ಹೆಡಿಂಗ್’ ಎಂಬ ಹೆಸರಿನ ಪರಿಚ್ಛೇದಗಳನ್ನಷ್ಟೇ ಹೆಕ್ಕಿ ಪರಿವಿಡಿ ಕಟ್ಟಿಕೊಡುತ್ತದಲ್ಲವೇ, ಅದೇ ಕೆಲಸ.

ಅಚ್ಚು ಬಂದ ಮೇಲೆ ಸ್ಥಿತಿ ಬದಲಾಯಿತು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಸಿರಾಂಪುರದಲ್ಲಿ 1817ರಲ್ಲಿ ಅಚ್ಚಾಯಿತು. ಹರ್ಮನ್ ಮೊಗ್ಲಿಂಗ್ 1843ರಲ್ಲಿ ಮಂಗಳೂರಿನಿಂದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಅದು ಕಲ್ಲಚ್ಚಿನಲ್ಲಿತ್ತು. ಬಳಿಕ ಸೀಸದ ಮೊಳೆಗಳ ಕಾಲ ನೆಲೆಗೊಂಡಿತು. ಕಾಗದ ತಾಳೆಗರಿಯಷ್ಟು ಇಕ್ಕಟ್ಟಲ್ಲ. ಸಾಲು ಬಿಡಬಹುದು, ದೊಡ್ಡ ಮೊಳೆ ಸಣ್ಣ ಮೊಳೆ ಬಳಸಬಹುದು, ಪದ್ಯವನ್ನು ಒಳಕ್ಕೆ ಸರಿಸಬಹುದು. ಹೆಸರು ಹೇಳುತ್ತಿದ್ದುದನ್ನು ಈಗ ರೂಪವೇ ಹೇಳತೊಡಗಿತು. ‘ಪ್ಯಾರಾ’ ಎಂದು ನಾವು ಕರೆಯುವ, ಮೊದಲ ಸಾಲು ಒಳಸರಿದ ಗದ್ಯಖಂಡ ನಮ್ಮ ಕಣ್ಣಿಗೆ ರೂಢಿಯಾದದ್ದು ಅಚ್ಚಿನಿಂದಲೇ. ಸರ್ಕಾರಿ ಕಾಗದಗಳಲ್ಲಿ ಇದನ್ನು ‘ಕಂಡಿಕೆ’ ಎನ್ನುತ್ತಾರೆ. ವ್ಯಾಕರಣ ಪುಸ್ತಕಗಳಲ್ಲಿ ‘ವಾಕ್ಯವೃಂದ’. ನನಗೆ ‘ಪರಿಚ್ಛೇದ’ ಎಂಬುದೇ ಹಿತ.

ಆದರೂ ಹಳೆಯ ಸಂಪಾದಕರು ಹೆಸರನ್ನು ಬಿಡಲಿಲ್ಲ. ಪಂಪಭಾರತವನ್ನು ಬಿ. ಎಲ್. ರೈಸ್ 1898ರಲ್ಲಿ ಅಚ್ಚು ಹಾಕಿಸಿದರು. ಅಂದಿನಿಂದ ಇಂದಿನವರೆಗೆ ಚಂಪೂಕಾವ್ಯಗಳ ಮುದ್ರಣಗಳಲ್ಲಿ ಕಂ, ಚಂ, ವ ಎಂಬ ಗುರುತುಗಳು ಪದ್ಯಗಳ ಜೊತೆಗೇ ನಡೆದು ಬಂದಿವೆ.

ರೈಸ್ ಅವರ ಇನ್ನೊಂದು ಕೆಲಸ ನಮ್ಮ ಸೀಮೆಗೆ ನೇರವಾಗಿ ಸಂಬಂಧಿಸಿದ್ದು. 1886ರಲ್ಲಿ ಕೊಡಗಿನ ಶಾಸನಗಳಿಂದ ಆರಂಭವಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟ 1894ರಲ್ಲಿ ಹೊರಬಂತು. ನಂಜನಗೂಡು, ತಿರುಮಕೂಡಲು ನರಸೀಪುರ ಎರಡೂ ತಾಲ್ಲೂಕುಗಳ ಶಾಸನಗಳು ಅದರಲ್ಲಿವೆ. ನಮ್ಮ ತಾಂಡ್ಯದ ಸುತ್ತಿನ ಊರುಗಳ ಚರಿತ್ರೆ ಬರೆಯಹೊರಟ ಯಾರೂ ಆ ಸಂಪುಟವನ್ನು ದಾಟಿ ಹೋಗಲಾರರು. ಅದರ ಏರ್ಪಾಡನ್ನು ಗಮನಿಸಿ. ಇಂಗ್ಲಿಷ್ ಅನುವಾದ ಒಂದು ಭಾಗ, ರೋಮನ್ ಲಿಪಿಯಲ್ಲಿ ಪಾಠ ಇನ್ನೊಂದು ಭಾಗ, ಕನ್ನಡ ಲಿಪಿಯಲ್ಲಿ ಪಾಠ ಮತ್ತೊಂದು ಭಾಗ. ಪ್ರತಿ ಶಾಸನಕ್ಕೂ ತಾಲ್ಲೂಕಿನ ಹೆಸರಿನಡಿ ಒಂದು ಸಂಖ್ಯೆ. ಆ ಸಂಖ್ಯೆ ಮೂರೂ ಭಾಗಗಳಲ್ಲಿ ಒಂದೇ. ಕಲ್ಲು ಯಾವ ಊರಿನಲ್ಲಿ, ಎಲ್ಲಿ ನಿಂತಿದೆ ಎಂಬ ಮಾತು ಬೇರೆ, ಕಲ್ಲಿನ ಮೇಲಿರುವ ಮಾತು ಬೇರೆ. ಕಲ್ಲು ಹೇಳಿದ್ದೇನು, ಅದಕ್ಕೆ ಸಂಪಾದಕ ಕೊಟ್ಟ ಅರ್ಥವೇನು ಎಂಬುದು ಎಂದೂ ಕಲಸಿಹೋಗುವುದಿಲ್ಲ. ರೈಸ್ ಅವರ ಎಷ್ಟೋ ಓದುಗಳನ್ನೂ ಕಾಲನಿರ್ಣಯಗಳನ್ನೂ ಮುಂದಿನ ವಿದ್ವಾಂಸರು ತಿದ್ದಿದರು. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನೇ ತಂದಿತು. ಹಾಗೆ ತಿದ್ದಲು ಸಾಧ್ಯವಾದದ್ದು, ಯಾವುದು ಕಲ್ಲಿನ ಮಾತು ಯಾವುದು ರೈಸ್ ಅವರ ಮಾತು ಎಂದು ಅವರೇ ಬೇರ್ಪಡಿಸಿಟ್ಟಿದ್ದರಿಂದ.

ಮೊಳೆಯ ಕಾಲದಲ್ಲಿ ಲೇಖಕನಿಗೆ ರೂಪದ ಚಿಂತೆ ಇರಲಿಲ್ಲ. ಹಸ್ತಪ್ರತಿಯ ಅಂಚಿನಲ್ಲಿ ‘ಅಧ್ಯಾಯ’, ‘ಉಪಶೀರ್ಷಿಕೆ’, ‘ಪದ್ಯ’ ಎಂದು ಗುರುತು ಹಾಕಿ ಅಚ್ಚುಕೂಟಕ್ಕೆ ಕೊಟ್ಟರೆ, ಯಾವುದಕ್ಕೆ ಎಷ್ಟು ಪಾಯಿಂಟಿನ ಮೊಳೆ, ಎಷ್ಟು ಅಂತರ ಎಂಬುದನ್ನು ಕಂಪಾಜಿಟರ್ ನೋಡಿಕೊಳ್ಳುತ್ತಿದ್ದ. ಹೆಸರಿಡುವುದು ಒಬ್ಬನ ಕೆಲಸ, ರೂಪ ಕೊಡುವುದು ಇನ್ನೊಬ್ಬನದು. ಕಂಪ್ಯೂಟರು ಈ ಇಬ್ಬರನ್ನೂ ಒಂದೇ ಕುರ್ಚಿಯಲ್ಲಿ ಕೂರಿಸಿತು. ತೊಡಕು ಆರಂಭವಾದದ್ದು ಅಲ್ಲಿಂದಲೇ.

ಪಶ್ಚಿಮದವರಿಗೂ ಈ ತೊಡಕು ತಪ್ಪಲಿಲ್ಲ. ಹೊರದೇಶದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1967ರಲ್ಲಿ ಕೆನಡಾ ಸರ್ಕಾರದ ಮುದ್ರಣಾಲಯದಲ್ಲಿ ನಡೆದ ಸಭೆಯೊಂದರಲ್ಲಿ ವಿಲಿಯಂ ಟನಿಕ್ಲಿಫ್ ಎಂಬಾತ, ಬರಹದ ವಿಷಯವನ್ನು ಅದರ ರೂಪದಿಂದ ಬೇರ್ಪಡಿಸಬೇಕೆಂದು ವಾದಿಸಿದ. 1969ರಲ್ಲಿ ಐಬಿಎಂ ಕಂಪನಿಯ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಇಬ್ಬರು ಸಂಗಡಿಗರು, ಬರಹದ ಪ್ರತಿ ಭಾಗಕ್ಕೂ ಅದು ಏನೆಂಬ ಗುರುತು ಅಂಟಿಸುವ ಭಾಷೆಯೊಂದನ್ನು ರೂಪಿಸಿದರು. ಇಂದಿನ ಜಾಲಪುಟಗಳ ಭಾಷೆ ಅದರ ವಂಶದ್ದೇ. 1983ರಲ್ಲಿ ಬಂದ ಮೈಕ್ರೋಸಾಫ್ಟ್ ವರ್ಡಿನ ಮೊತ್ತಮೊದಲ ಆವೃತ್ತಿಯಲ್ಲಿಯೇ ‘ಸ್ಟೈಲ್ ಶೀಟ್’ ಎಂಬ ಹೆಸರಿನಲ್ಲಿ ಈ ಏರ್ಪಾಡು ಇತ್ತು. ಪರಿಚ್ಛೇದಕ್ಕೆ ಒಂದು ಹೆಸರು ಕೊಡಿ. ಆ ಹೆಸರಿನ ಎಲ್ಲ ಪರಿಚ್ಛೇದಗಳೂ ಹೇಗೆ ಕಾಣಬೇಕೆಂಬುದನ್ನು ಒಂದೇ ಕಡೆ ಬರೆದಿಡಿ. ಅಲ್ಲಿ ತಿದ್ದಿದರೆ ಪುಸ್ತಕದಾದ್ಯಂತ ತಿದ್ದುಪಡಿಯಾಗುತ್ತದೆ. ವಿಷಯ ಇಷ್ಟೇ.

ಹಾಗಿದ್ದರೆ ಕನ್ನಡದಲ್ಲಿ ಇದೇಕೆ ರೂಢಿಗೆ ಬರಲಿಲ್ಲ? ನಮ್ಮವರ ಸೋಮಾರಿತನವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ, ಆದರೆ ನ್ಯಾಯವಲ್ಲ. ಇಲ್ಲೊಂದು ನಿಜವಾದ ಕಾರಣವಿದೆ.

1990ರ ದಶಕದಲ್ಲಿ ಪೇಜ್‌ಮೇಕರ್ ನಮ್ಮ ಪೇಟೆಗಳ ಡಿಟಿಪಿ ಅಂಗಡಿಗಳನ್ನು ತುಂಬಿಕೊಂಡಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಬೆನ್ನಿಗೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮನೆಮನೆಗೂ ತಲುಪಿತು. ಇವರೆಲ್ಲ ಕನ್ನಡಕ್ಕೆ ಮಾಡಿದ ಉಪಕಾರ ಸಾಮಾನ್ಯವಲ್ಲ. ಆದರೆ ಅಂದಿನ ಯಂತ್ರಕ್ಕೆ ಕನ್ನಡವೆಂಬ ಭಾಷೆಯೇ ಗೊತ್ತಿರಲಿಲ್ಲ. ಆದ್ದರಿಂದ ಇಂಗ್ಲಿಷ್ ಮತ್ತು ಯೂರೋಪಿನ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ತುಣುಕುಗಳನ್ನು, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳನ್ನು ಕೂರಿಸಿದ ಫಾಂಟುಗಳಿಂದ ಕೆಲಸ ಸಾಗಿಸಬೇಕಾಯಿತು. ಯಂತ್ರದ ಸ್ಮೃತಿಯಲ್ಲಿ ಇದ್ದುದು ರೋಮನ್ ಅಕ್ಷರ. ಕನ್ನಡ ಇದ್ದುದು ಫಾಂಟಿನ ವೇಷದಲ್ಲಿ ಮಾತ್ರ. ವೇಷ ಕಳಚಿದರೆ ಕನ್ನಡವೂ ಕಳಚಿತು! ‘ನುಡಿ’ಯಲ್ಲಿ ಬರೆದ ‘ಕನ್ನಡ’ ಎಂಬ ಪದದ ಫಾಂಟನ್ನು ಬದಲಿಸಿ ನೋಡಿದವರಿಗೆ ಗೊತ್ತು, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ ಬಂದು ಕುಳಿತಿರುತ್ತದೆ.

ಇಂಥ ಬರಹದ ಮೇಲೆ ವರ್ಡಿನ ಸಿದ್ಧ ‘ಹೆಡಿಂಗ್ 1’ ಎಂಬ ಸ್ಟೈಲನ್ನು ಒತ್ತಿದರೆ ಏನಾಗುತ್ತದೆ? ಆ ಸ್ಟೈಲು ತನ್ನದೇ ಆದ ಇಂಗ್ಲಿಷ್ ಫಾಂಟನ್ನು ಹೊತ್ತು ತರುತ್ತದೆ. ಅಧ್ಯಾಯದ ಹೆಸರು ಕ್ಷಣಾರ್ಧದಲ್ಲಿ ಅರ್ಥವಿಲ್ಲದ ಗೊಜಲಾಗುತ್ತದೆ. ಸ್ಟೈಲಿನೊಳಗೇ ಕನ್ನಡ ಫಾಂಟನ್ನು ನಮೂದಿಸಿಟ್ಟರೆ ಈ ತೊಂದರೆಯಿಲ್ಲವೆಂಬುದು ಬಲ್ಲವರಿಗೆ ಗೊತ್ತು. ಆದರೆ ಸಂಜೆಯೊಳಗೆ ಹತ್ತು ಮದುವೆ ಪತ್ರಿಕೆ ಮುಗಿಸಬೇಕಾದ ಹುಡುಗನಿಗೆ ಅದನ್ನು ಹೇಳಿಕೊಡುವವರು ಯಾರು? ಒಮ್ಮೆ ಗೊಜಲು ಕಂಡವನು ಮತ್ತೆ ಆ ಪಟ್ಟಿಯ ಹತ್ತಿರ ಸುಳಿಯಲಿಲ್ಲ. ಸಾಲನ್ನು ಆಯ್ದುಕೊಳ್ಳುವುದು, ದಪ್ಪ ಮಾಡುವುದು, ಹದಿನಾರು ಪಾಯಿಂಟು, ನಡುವಿಗೆ ತರುವುದು. ಮುಂದಿನ ಅಧ್ಯಾಯಕ್ಕೆ ಮತ್ತೆ ಅಷ್ಟನ್ನೂ ಮಾಡುವುದು. ಒಂದು ತಲೆಮಾರಿನ ಕೈರೂಢಿ ಹೀಗೆ ಬೆಳೆಯಿತೆಂದು ನಾನು ತಿಳಿದಿದ್ದೇನೆ.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ವಂತ ಸ್ಥಾನ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಫಾಂಟಿನೊಡನೆ ಅದು ಸಾಮಾನ್ಯ ಜನರ ಯಂತ್ರಕ್ಕೂ ಬಂತು. ಈಗ ‘ಕ’ ಎಂಬುದು ಯಾವ ವೇಷದಲ್ಲಿದ್ದರೂ ‘ಕ’ವೇ. ಭಯದ ಕಾರಣ ಹೋಯಿತು, ರೂಢಿ ಉಳಿಯಿತು.

ಇದರಿಂದ ಆಗುವ ಹಾನಿಗೆ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮಲ್ಲೇ ಕೆಲವರು ಸೇರಿ ತಾಂಡ್ಯದ ಸುತ್ತಮುತ್ತಲ ಊರುಗಳ ಚರಿತ್ರೆಯನ್ನು ಸಂಗ್ರಹಿಸುತ್ತಿರುವುದು ಬಹಳ ಮಂದಿಗೆ ಗೊತ್ತಿದೆ. ಕೈಗಾರಿಕಾ ಪ್ರದೇಶ ಬಂದ ಮೇಲೆ ಹೊಲಗಳ ಹೆಸರೂ ಕಟ್ಟೆಗಳ ಹೆಸರೂ ಮರೆಯಾಗುತ್ತಿರುವ ಕಾಲದಲ್ಲಿ ಇದು ತಡವಾಗಿಯಾದರೂ ಆಗಬೇಕಾದ ಕೆಲಸ. “ಮೇಷ್ಟ್ರೇ, ಒಮ್ಮೆ ಕಣ್ಣಾಡಿಸಿ ಕೊಡಿ” ಎಂದು ಕರಡನ್ನು ನನಗೂ ಕಳುಹಿಸಿದ್ದರು. ವಿಷಯ ಸೊಗಸಾಗಿದೆ. ಆದರೆ ದಪ್ಪಕ್ಷರ ಒಂದೆಡೆ ಅಧ್ಯಾಯದ ಹೆಸರಿಗೆ, ಇನ್ನೊಂದೆಡೆ ಶಾಸನದ ಪಾಠಕ್ಕೆ, ಮತ್ತೊಂದೆಡೆ ಧನಸಹಾಯ ಮಾಡಿದವರ ಹೆಸರಿಗೆ ಬಳಕೆಯಾಗಿದೆ. ಓರೆ ಅಕ್ಷರದಲ್ಲಿ ಒಮ್ಮೆ ಜನಪದ ಗೀತೆ, ಒಮ್ಮೆ ಅಜ್ಜಿಯೊಬ್ಬರು ಹೇಳಿದ ಮಾತು, ಒಮ್ಮೆ ಬರೆದವರ ಸ್ವಂತ ಊಹೆ. ಒಂದು ಪುಟದಲ್ಲಂತೂ ವೀರಗಲ್ಲಿನ ಪಾಠ ಎಲ್ಲಿ ಮುಗಿಯಿತು, ಊರಿನ ಹಿರಿಯರು ಆ ಕಲ್ಲಿನ ಬಗ್ಗೆ ಹೇಳುವ ಕಥೆ ಎಲ್ಲಿ ಆರಂಭವಾಯಿತು ಎಂಬುದು ಮೂರು ಬಾರಿ ಓದಿದರೂ ತಿಳಿಯುವುದಿಲ್ಲ. ಐವತ್ತು ವರ್ಷದ ಮೇಲೆ ಇದನ್ನು ಓದುವ ಮಗು, ಕಥೆಯನ್ನೇ ಕಲ್ಲಿನ ಮಾತೆಂದು ನಂಬಿದರೆ ತಪ್ಪು ಯಾರದು? ಕಥೆಯ ಬೆಲೆ ಕಡಿಮೆಯೆಂದು ಇದರ ಅರ್ಥವಲ್ಲ. ಅದು ಕಥೆಯೆಂದು ಗೊತ್ತಾಗಬೇಕು, ಅಷ್ಟೇ.

ಆದ್ದರಿಂದ ಅವರಿಗೆ ನಾನು ಹೇಳಿದ್ದು, ಅಂದ ಮಾಡುವ ಮೊದಲು ಹೆಸರಿಡಿ ಎಂದು. ‘ಶಾಸನಪಾಠ’, ‘ಶಾಸನದ ಸಾರಾಂಶ’, ‘ಹಿರಿಯರ ಮಾತು’, ‘ಹಾಡು’, ‘ನಮ್ಮ ಊಹೆ’, ‘ಚಿತ್ರದ ಅಡಿಬರಹ’. ಅಧ್ಯಾಯದ ಹೆಸರಿಗೂ ಒಳಶೀರ್ಷಿಕೆಗೂ ವರ್ಡಿನಲ್ಲಿರುವ ಹೆಡಿಂಗ್ 1, ಹೆಡಿಂಗ್ 2 ಸಾಕು, ಏಕೆಂದರೆ ಪರಿವಿಡಿ ಅವುಗಳಿಂದಲೇ ಹುಟ್ಟುತ್ತದೆ. ಸ್ಟೈಲಿಗೆ ಕನ್ನಡದಲ್ಲಿಯೇ ಹೆಸರಿಡಬಹುದು, ಯಂತ್ರ ತಕರಾರು ಮಾಡುವುದಿಲ್ಲ. ಹೀಗೆ ಹೆಸರಿಡಲು ಕುಳಿತಾಗ ಪ್ರತಿ ಪರಿಚ್ಛೇದದ ಮುಂದೆಯೂ ‘ಇದು ಯಾರ ಮಾತು?’ ಎಂದು ಕೇಳಿಕೊಳ್ಳಲೇಬೇಕಾಗುತ್ತದೆ. ಸ್ಟೈಲಿನ ದೊಡ್ಡ ಪ್ರಯೋಜನ ಇದು. ಸಮಯದ ಉಳಿತಾಯ ಅದರ ಅನಂತರದ್ದು. ಎರಡು ಪರಿಚ್ಛೇದಗಳಿಗೆ ಹೆಸರು ಕೊಡಲಾಗದೆ ನಿಂತ ಹುಡುಗರು, ಅವುಗಳಲ್ಲಿ ಶಾಸನವೂ ಊಹೆಯೂ ಬೆರೆತಿದ್ದುದನ್ನು ತಾವೇ ಕಂಡು, ಒಡೆದು ಬರೆದರು.

ರೂಪದ ವಿಚಾರದಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಕೆಲವು ಮಾತುಗಳಿವೆ. ವರ್ಡಿನ ಸ್ಟೈಲಿನಲ್ಲಿ ಅಕ್ಷರದ ಗಾತ್ರಕ್ಕೆ ಎರಡು ಮನೆಗಳಿವೆ: ಒಂದು ರೋಮನ್ ಲಿಪಿಗೆ, ಇನ್ನೊಂದು ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ ಎಂಬ ಹೆಸರಿನಲ್ಲಿ ನಮ್ಮಂಥ ಲಿಪಿಗಳಿಗೆ. ಮೊದಲನೆಯದನ್ನಷ್ಟೇ ಬದಲಿಸಿದರೆ ಕನ್ನಡ ಅಕ್ಷರ ಮಿಸುಕುವುದಿಲ್ಲ. ಸ್ಟೈಲು ಕೆಲಸ ಮಾಡುವುದಿಲ್ಲವೆಂದು ದೂರುವವರು ಮೊದಲು ಇದನ್ನು ನೋಡಬೇಕು. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸಿನಲ್ಲಿಯೂ ಇದೇ ಬಗೆಯ ಎರಡು ಮನೆಗಳಿವೆ. ಅಲ್ಲಿ ಎಫ್ 11 ಕೀಲಿ ಒತ್ತಿದರೆ ಸ್ಟೈಲುಗಳ ಪಟ್ಟಿ ತೆರೆದುಕೊಳ್ಳುತ್ತದೆ. ಎರಡನೆಯದು ಸಾಲುಗಳ ಅಂತರ. ಇಂಗ್ಲಿಷಿಗಿಲ್ಲದ ಒತ್ತಕ್ಷರ ನಮಗಿದೆ. ‘ರಾಷ್ಟ್ರ’, ‘ಸ್ತ್ರೀ’ ಎಂಬಂಥ ಪದಗಳಲ್ಲಿ ಒತ್ತಿನ ಕೆಳಗೆ ಒತ್ತು. ‘ಎಕ್ಸಾಕ್ಟ್’ ಎಂದು ಬಿಗಿಯಾದ ಅಂತರ ಕೊಟ್ಟರೆ ಕೆಳಗಿನ ಒತ್ತು ಕತ್ತರಿಸಿಹೋಗುತ್ತದೆ. ಹಾಡಿಗೂ ಶಾಸನಪಾಠಕ್ಕೂ ಎರಡೂ ಅಂಚು ಸರಿಗಟ್ಟುವ ಜೋಡಣೆ ಬೇಡ, ಎಡಕ್ಕೆ ಮಾತ್ರ ಸರಿಯಿರಲಿ. ಇಲ್ಲವಾದರೆ ಸಾಲು ಮುರಿದಲ್ಲಿ ಎರಡೇ ಪದಗಳ ಚರಣ ಪುಟದ ಅಗಲಕ್ಕೂ ಹಿಗ್ಗಿ, ಓದುವಾಗ ಬಿಕ್ಕಳಿಕೆ ಬಂದಂತಾಗುತ್ತದೆ.

ಬರೆಯುವುದು ಎ4 ಹಾಳೆಯಲ್ಲಿ, ಅಚ್ಚಾಗುವುದು ಡೆಮಿ 1/8 ಆಕಾರದಲ್ಲಿ. ಆಕಾರ ಬದಲಿಸಿದೊಡನೆ ಪುಟಗಳು ಹೆಚ್ಚುತ್ತವೆ, ಅಧ್ಯಾಯಗಳು ಬೇರೆ ಪುಟಕ್ಕೆ ಜಾರುತ್ತವೆ. ಕೈಯಿಂದ ಪರಿವಿಡಿ ಬರೆದವರು ಆಗ ಎಲ್ಲವನ್ನೂ ಹೊಸದಾಗಿ ಎಣಿಸಬೇಕು. ಹೆಡಿಂಗ್ ಸ್ಟೈಲಿನಿಂದ ಹುಟ್ಟಿದ ಪರಿವಿಡಿಯಾದರೆ ಒಮ್ಮೆ ‘ಅಪ್‌ಡೇಟ್’ ಒತ್ತಿದರಾಯಿತು. ಅಧ್ಯಾಯವನ್ನು ಹೊಸ ಪುಟಕ್ಕೆ ತಳ್ಳಲು ಎಂಟು ಹತ್ತು ಬಾರಿ ಎಂಟರ್ ಒತ್ತುವ ಅಭ್ಯಾಸವೂ ಬೇಡ. ‘ಪೇಜ್ ಬ್ರೇಕ್ ಬಿಫೋರ್’ ಎಂಬ ಗುಣವನ್ನು ಆ ಸ್ಟೈಲಿಗೇ ಕೊಟ್ಟುಬಿಡಬಹುದು.

ಇಷ್ಟಾದರೂ ಈ ಹೊಸ ಪದ್ಧತಿಗಿಂತ ನಮ್ಮ ಲಿಪಿಕಾರನ ಪದ್ಧತಿ ಒಂದು ವಿಷಯದಲ್ಲಿ ಮೇಲು ಎಂಬುದನ್ನು ಹೇಳದಿರಲಾರೆ. ಸ್ಟೈಲಿನ ಹೆಸರು ಕಡತದೊಳಗೆ ಅಡಗಿರುತ್ತದೆ, ಓದುವವರಿಗೆ ಕಾಣುವುದಿಲ್ಲ. ಬರಹವನ್ನು ನಕಲು ಮಾಡಿ ಬರಿಯ ಪಠ್ಯವಾಗಿ ಮೊಬೈಲಿನ ಸಂದೇಶಕ್ಕೆ ಅಂಟಿಸಿದೊಡನೆ ಹೆಸರೂ ರೂಪವೂ ಎರಡೂ ಕಳೆದುಹೋಗುತ್ತವೆ. ಹಳೆಯ ‘ನುಡಿ’ ಬರಹವನ್ನು ಬರಿಯ ಪಠ್ಯವಾಗಿ ಯೂನಿಕೋಡಿಗೆ ಪರಿವರ್ತಿಸುವಾಗಲೂ ದಪ್ಪ, ಓರೆ, ಗಾತ್ರಗಳೆಲ್ಲ ಹೀಗೆಯೇ ಉದುರಿಹೋಗುತ್ತವೆ. ‘ಕಂ॥’ ಉದುರುವುದಿಲ್ಲ. ಕಲ್ಲಿನಿಂದ ಗರಿಗೆ, ಗರಿಯಿಂದ ಮೊಳೆಗೆ, ಮೊಳೆಯಿಂದ ಯಂತ್ರಕ್ಕೆ ಅದು ಬಂದದ್ದು ತಾನೂ ಬರಹದ ಭಾಗವೇ ಆಗಿದ್ದರಿಂದ.

ಆದಕಾರಣ ಊರಿನ ಪುಸ್ತಕದಲ್ಲಿ ಸ್ಟೈಲಿನ ಜೊತೆಗೆ ಅಕ್ಷರದ ಗುರುತೂ ಇರಲೆಂದು ಸೂಚಿಸಿದ್ದೇನೆ. ಶಾಸನಪಾಠದ ತಲೆಯಲ್ಲಿ ‘ಶಾ॥’ ಎಂದಿಟ್ಟರೆ ಶಾರ್ದೂಲವಿಕ್ರೀಡಿತವೆಂದು ಯಾರಾದರೂ ಹಳಗನ್ನಡ ಬಲ್ಲವರು ಗೊಂದಲಪಡುವರೆಂಬ ಆಕ್ಷೇಪ ಬಂತು. ಆಕ್ಷೇಪಿಸಿದಾಕೆ ಒಂದು ಕಾಲದಲ್ಲಿ ಆ ಗುರುತುಗಳನ್ನು ಉರು ಹೊಡೆದವಳೇ. ಕೊನೆಗೆ ‘ಶಾಸನ॥’ ಎಂದೇ ಪೂರ್ತಿಯಾಗಿ ಬರೆಯುವುದೆಂದೂ, ಹಿರಿಯರ ಮಾತಿಗೆ ‘ಹಿ॥’, ಹಾಡಿಗೆ ‘ಹಾ॥’ ಎಂದೂ, ಈ ಗುರುತುಗಳ ವಿವರಣೆಯನ್ನು ಮುನ್ನುಡಿಯ ಹಿಂದಿನ ಪುಟದಲ್ಲಿ ಕೊಡುವುದೆಂದೂ ತೀರ್ಮಾನವಾಗಿದೆ. ‘ನಮ್ಮ ಊಹೆ’ಗೆ ಏನು ಗುರುತಿಡಬೇಕೆಂಬ ಚರ್ಚೆ ಇನ್ನೂ ನಡೆಯುತ್ತಿದೆ. ‘ಊ॥’ ಎಂದರೆ ಉತ್ಪಲಮಾಲೆಗೆ ತೀರ ಹತ್ತಿರವಾಯಿತಂತೆ.